ಸೊನ್ನೆಯಲ್ಲಿ ಕೂತ ಪಾದರಸ

ಬೆಳಗಿನ ಶಾಲೆ. ಎಂಟಕ್ಕಾಗಲೇ ತಗಡು ಕಾದು ಟಕ್ಕೆನ್ನುವ ಕಲಬುರಗಿ.
ಬೀಕರು ಒಡೆದ ಮೇಲೆ ನಮ್ಮ ಪ್ರಯೋಗಕ್ಕೆ ಸ್ಟೀಲಿನ ಡಬ್ಬಿಯೇ ಗತಿ.

ಜಗದೇವಿ ಬರ್ಫ ತಂದಳು,
ಗೋಣಿತಟ್ಟಿನಲ್ಲಿ ಸುತ್ತಿ, ಕಟ್ಟಿಗೆಪುಡಿ ಮೆತ್ತಿಕೊಂಡ ಗಡ್ಡೆ;
ನಾಕಾದಿಂದ ಶಾಲೆಯ ತನಕ ಅದರರ್ಧ
ರಸ್ತೆಯ ಮೇಲೆ ಹನಿ ಹನಿ.

ದೀಪ ಹಚ್ಚಿದೆ. ಪಾದರಸ ಸೊನ್ನೆಯಲ್ಲಿ
ಕೂತದ್ದು ಕೂತೇ ಇತ್ತು.
ಎರಡು ನಿಮಿಷ. ನಾಲ್ಕು. ಏಳು.
"ಸರ, ಥರ್ಮಾಮೀಟರ್ ಕೆಟ್ಟದ" ಎಂದಿತು ಹಿಂದಿನ ಬೆಂಚು.

ಕೆಟ್ಟಿಲ್ಲ. ಗಡ್ಡಿ ನೋಡ್ರಿ, ಸಣ್ಣ ಆಗ್ಲತ್ತದ.
ಹಂಗಾರ ಉರಿ ಎಲ್ಲಿ ಹೊಂಟದ?

ಘನವೆಂದರೆ ಕಣಗಳು ಕೈ ಕೈ ಹಿಡಿದು ನಿಂತದ್ದು
ಅಂತ ನಿನ್ನೆ ಹೇಳಿದ್ದೆ. ಯಾರಿಗೆ ನೆನಪು.

ಜಗದೇವಿ ಕೈ ಎತ್ತಲಿಲ್ಲ, ಕೂತೇ ಹೇಳಿದಳು:
"ಹಿಡ್ದ ಕೈ ಬಿಡಸ್ಲಾಕ ಹೋಗ್ತದ್ರಿ ಸರ.
ನಮ್ಮಪ್ಪ ರಾತ್ರಿಯೆಲ್ಲ ಬರ್ಫಿನ ಕಾರ್ಖಾನ್ಯಾಗ ಗಡ್ಡಿ ಎತ್ತಿ ಬಂದು
ಚಾದ ಕಪ್ಪು ಹಿಡ್ಕೊಂಡು ಸುಮ್ನ ಕುಂದರ್ತಾನ.
ಬಿಸಿ ಎಲ್ಲ ಮೊದ್ಲ ಬೆರಳಿಗೇ ಬೇಕು,
ಅವು ಬಿಚ್ಚಿದ ಮ್ಯಾಲೆ ಮಾತು."

ಬೋರ್ಡಿಗೆ ತಿರುಗಿ 'ಗುಪ್ತೋಷ್ಣ' ಎಂದು ಬರೆದೆ.
ಒತ್ತಕ್ಷರ ತಪ್ಪಿ, ಅಳಿಸಿ, ಮತ್ತೆ ಬರೆದೆ.
ಈಚೆ ನೋಡಿದರೆ ಡಬ್ಬಿಯಲ್ಲಿ ಬರೀ ನೀರು,
ಪಾದರಸ ಒಂದು, ಒಂದೂವರೆ.

ಗಂಟೆ ಹೊಡೆಯಿತು.
ಗೋಣಿತಟ್ಟು ಹಿಂಡಿ ಮಡಚಿಕೊಂಡಳು:
ಅಪ್ಪನ ಹೆಗಲಿಗೆ ರಾತ್ರಿ ಅದು ಬೇಕಂತೆ.