ಗುರ್

ಆಸ್ಪತ್ರೆಯಿಂದ ನಾವು ಬರುವ ಎರಡು ದಿನ ಮೊದಲೇ
ನಿನ್ನ ಟೋಪಿ ಬಂದಿತ್ತು ಮನೆಗೆ,
ನಿನ್ನಪ್ಪನ ಸೈಕಲ್ ಹ್ಯಾಂಡಲಿಗೆ ತೂಗುವ ಚೀಲದಲ್ಲಿ.
ಕಪ್ತಾನ ಮೂಸಿದನಂತೆ.
ಮೂಸಿ, ಸೀನಿ, ಮತ್ತೆ ಮೂಸಿ,
ಹೊಸ್ತಿಲಾಚೆ ಹೋಗಿ ರಸ್ತೆಗೆ ಮುಖ ಮಾಡಿ ಕೂತನಂತೆ,
ಉಳಿದದ್ದು ಯಾವಾಗ ಬರುತ್ತದೆ ಎಂಬ ಹಾಗೆ.

ಮಾಲಿಂ ಜೆಟ್ಟಿಯ ಹಿಂದಿನ ಈ ಒಂದೂವರೆ ಕೋಣೆಯಲ್ಲಿ
ಅವನು ನನಗಿಂತ ಹಳಬ.
ಬಲಗಿವಿ ಅರ್ಧ ಇಲ್ಲ, ಯಾವ ಜಗಳದಲ್ಲಿ ಹೋಯಿತೋ.
ಮದುವೆಯಾಗಿ ನಾನು ಬಂದ ರಾತ್ರಿ
ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿದವನು,
ಇವಳು ಹೋಗದಿರಲಿ ಅಂತಲೋ, ಬರೀ ಮೆತ್ತಗಿತ್ತು ಅಂತಲೋ.

ಮನೆಯೊಡತಿ ಎಸ್ಲಿಂದಾ ಬಾಯಿ ಅಂದಳು, ಕಟ್ಟಿಹಾಕು.
ಬೈಲಹೊಂಗಲದಿಂದ ರಾತ್ರಿ ಬಸ್ಸು ಹಿಡಿದು ಬಂದ ದ್ಯಾಮವ್ವತ್ತೆ:
"ಹೊರಗ ಹಾಕ್ರಿ. ಹಾಲಿನ ವಾಸನಿ ಹತ್ತಿದ್ರ
ನಾಯಿ ನಾಯಿ ಆಗಿ ಉಳಿಯೂದಿಲ್ಲ."
ನಿನ್ನಪ್ಪ ಏನೂ ಅನ್ನಲಿಲ್ಲ.
ಐಸ್ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದವನು
ಎರಡೂ ಕೈ ಕಂಕುಳಲ್ಲಿಟ್ಟು ಕೂತಿದ್ದ,
ನಿನ್ನನ್ನು ಮುಟ್ಟುವಷ್ಟು ಬೆಚ್ಚಗಾಗಲಿ ಎಂದು.

ದನದ ಡಾಕ್ಟರ್ ಗಾಂವ್ಕರ್ ಬಾಯಿ
ಚೀಟಿ ಬರೆಯುತ್ತ ಹೇಳಿದಳು:
ಜಂತಿನ ಗುಳಿಗೆ, ಸೂಜಿ, ಉಗುರು ಕತ್ತರಿಸು.
ತೊಟ್ಟಿಲಿನ ಕೋಣೆಗೊಂದು ಅರ್ಧ ಬಾಗಿಲು ಮಾಡಿಸು.
ಇಬ್ಬರನ್ನೇ ಬಿಟ್ಟು, ಒಂದು ಲೋಟ ನೀರು ತರುವಷ್ಟು ಹೊತ್ತೂ,
ಎದ್ದು ಹೋಗಬೇಡ, ಅವನು ಎಷ್ಟೇ ಒಳ್ಳೆಯವನಿರಲಿ.
ಆಮೇಲೆ, ತಲೆಯೆತ್ತದೆಯೇ:
ಗುರ್ ಅಂದರೆ ಬಡಿಯಬೇಡ.
ಮಗುವನ್ನು ಎತ್ತಿಕೋ, ಅವನಿಗೆ ದಾರಿ ಬಿಡು.
ಅದು ಅವನ ಮಾತು.
ಮಾತು ಕಿತ್ತುಕೊಂಡರೆ ಉಳಿಯುವುದು ಹಲ್ಲು.

ಅರ್ಧ ಬಾಗಿಲು ಮೀನಿನ ಕ್ರೇಟುಗಳದ್ದು. ನೀಲಿ.
ಮೂರು ಸಲ ಸೋಪು ಹಾಕಿ ತಿಕ್ಕಿದರೂ ಬಾಂಗಡೆಯ ವಾಸನೆ ಬಿಟ್ಟಿಲ್ಲ.
ಕಪ್ತಾನನಿಗೆ ಅದೇ ಹಿತ, ಮೂಗೊತ್ತಿ ಮಲಗುತ್ತಾನೆ.
ಆಚೆ ಅವನು, ಈಚೆ ನೀನು,
ನಡುವೆ ಹಸಿ ಹೊಲಿಗೆಯ ನಾನು.

ಬೆಳಿಗ್ಗೆ ಪೊದೇರನ ಹಾರ್ನು ಪೊಂ ಅಂದರೆ ಊಳಿಡುವುದು
ಅವನ ಆರು ವರ್ಷದ ರೂಢಿ.
ನೀನು ಬೆಚ್ಚಿ, ಎರಡೂ ಕೈ ಗಾಳಿಗೆ ಚಾಚಿ,
ಇಲ್ಲದ ಕೊಂಬೆ ಹಿಡಿಯುತ್ತಿದ್ದೆ.
ನಾಯಿಗೆ ಹೇಳಲಾಗಲಿಲ್ಲ, ಪೊದೇರನಿಗೆ ಹೇಳಿದೆ.
ಈಗ ನಮ್ಮ ಓಣಿಯಲ್ಲಿ ಅವನು ಸೈಕಲ್ಲಿನಿಂದ ಇಳಿದು
ಗುಟ್ಟು ಹೇಳುವವನ ಹಾಗೆ "ಪಾವ್" ಅನ್ನುತ್ತಾನೆ.

ಹನ್ನೊಂದನೆಯ ದಿನ, ಮಧ್ಯಾಹ್ನ,
ಅರ್ಧ ಬಾಗಿಲು ದಾಟುವಾಗ ಅತ್ತೆ ಅವನ ಬಾಲ ತುಳಿದಳು.
ಗುರ್.
ಪೊರಕೆ ಮೇಲೆದ್ದಿತು.
ನಿನ್ನನ್ನು ಹೆಗಲಿಗೆ ಹಾಕಿಕೊಂಡು ಪೊರಕೆಯ ತುದಿ ಹಿಡಿದೆ.
ಅವನು ನಮ್ಮಿಬ್ಬರ ನಡುವೆ ನುಸುಳಿ
ದಂಡೆಗೆ ಎಳೆದಿಟ್ಟ ಹಳೆ ಬೋಟಿನಡಿ ಹೋಗಿ ಮಲಗಿದ.

ಮುಗಿಯಿತು ಅಂದುಕೊಂಡೆ. ಅತ್ತೆ ಮತ್ತೆ ಬಾಗಿದಳು,
ಮೂರು ದಿನದ ಕೆಮ್ಮು ಎದೆಯಲ್ಲಿ, ತಂಬಾಕು ತುಟಿಯಲ್ಲಿ,
ನಿನ್ನ ಬಾಯಿಗೆ ಮುತ್ತಿಡಲು.

ಆಗ ನನ್ನ ಗಂಟಲಿಂದ ಬಂದದ್ದು ಕನ್ನಡವಲ್ಲ.
ಬೋರಮಾಳದ ಗುಂಡು ಎಣಿಸಿ ಕಡಿಮೆ ಎಂದ ದಿನ ಬಂದಿರಲಿಲ್ಲ,
ಮೊದಲನೆಯದು ನಿಲ್ಲದೆ ಹೋದಾಗ
ನನ್ನ ನಡಿಗೆಯನ್ನು ದೂರಿದ ದಿನವೂ ಬಂದಿರಲಿಲ್ಲ.
ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು.
ಯಾರ ಕೈಯಲ್ಲೂ ಪೊರಕೆ ಇರಲಿಲ್ಲ.
ನಿನ್ನಪ್ಪ ಕಂಕುಳಿಂದ ಕೈ ತೆಗೆದು, ಎದ್ದು,
ಒಂದು ತಂಬಿಗೆ ನೀರು, ಸೋಪಿನ ತುಂಡು ತಂದು
"ಕೈ ಬಾಯಿ ತೊಳಕೊ ಅತ್ತಿ" ಅಂದ,
ಇನ್ನೇನೂ ಅನ್ನಲಿಲ್ಲ.

ಸಂಜೆ ಕಪ್ತಾನ ಮರಳಿದ, ಮೈತುಂಬ ಮರಳು.
ಅಕ್ಕಿಗಂಜಿಗೆ ಎರಡು ಬಾಂಗಡೆ ತಲೆ ಹೆಚ್ಚೇ ಹಾಕಿದೆ.
ಹಾಕಿ, ಅರ್ಧ ಬಾಗಿಲಿನ ಚಿಲಕ ಜಡಿದೆ.
ನಂಬಿಕೆ ಬೇರೆ, ಚಿಲಕ ಬೇರೆ.

ನಿನಗೆ ಹಲ್ಲು ಬರಲು ಇನ್ನೂ ಆರು ತಿಂಗಳು ಬೇಕು, ಮಗಳೇ.
ಅದಕ್ಕೂ ಮೊದಲು ಕಲಿಯುವುದೊಂದಿದೆ.
ನೀನೀಗ ತೇಗುತ್ತೀ. ಕ್ರೇಟಿನಾಚೆ
ಅರ್ಧ ಕಿವಿಯೊಂದು ಇತ್ತ ತಿರುಗುತ್ತದೆ.