ಹದಿನಾಲ್ಕರ ಗೆರೆ

ಕಾರವಾರದ ದೊಡ್ಡಾಸ್ಪತ್ರೆಯ ಹಿಂಬದಿ, ಎಂಟನೇ ಕೋಣೆ.
ಬಾಗಿಲ ಮೇಲೆ ರೋಗದ ಹೆಸರಿಲ್ಲ, ಎ.ಆರ್.ಟಿ. ಅಂತಷ್ಟೇ.
ಒಳಗೆ ನಾನು, ಗುಳಿಗೆ ಎಣಿಸುವವನು,
ಒಂದು ತಕ್ಕಡಿ, ಗೋಡೆಗಂಟಿಸಿದ ಕೋಷ್ಟಕ:
ಮೂರರಿಂದ ಆರು ಕಿಲೋ, ಆರರಿಂದ ಹತ್ತು,
ಹತ್ತರಿಂದ ಹದಿನಾಲ್ಕು, ಹದಿನಾಲ್ಕರಿಂದ ಇಪ್ಪತ್ತು.
ವಯಸ್ಸು ಕೇಳುವುದಿಲ್ಲ ಅದು,
ಯಾರ ಮಗು ಎಂದೂ.

ಹಾರವಾಡದಿಂದ ಮೊದಲ ಬಸ್ಸಿಗೇ ಬಂದಿದ್ದಾರೆ
ಶಿವಮ್ಮ ಹರಿಕಂತ್ರ, ಮೊಮ್ಮಗಳು ಚರಿತಾ.
ಬುಟ್ಟಿಯನ್ನು ಹೊರಗೇ ಇಟ್ಟಿದ್ದಾಳೆ ಅಜ್ಜಿ.
ಬಂಗಡೆಯ ವಾಸನೆ ಮಾತ್ರ ಜೊತೆಗೇ ಒಳಬಂದಿದೆ.

ಆರು ವರ್ಷದ ಹುಡುಗಿ ಚಪ್ಪಲಿ ಕಳಚಿ
ತಕ್ಕಡಿ ಹತ್ತಿ ಉಸಿರು ಬಿಗಿಹಿಡಿದಳು.
ಹದಿನಾಲ್ಕು ಕಿಲೋ, ನೂರು ಗ್ರಾಂ.

ಪೆನ್ನೆತ್ತಿದೆ. ಎರಡಿದ್ದದ್ದು ಇನ್ನು ಎರಡೂವರೆ.
ಅರ್ಧ ಮುರಿಯುವುದನ್ನು ಅಜ್ಜಿಗೆ ತೋರಿಸಬೇಕು:
ನಡುಗೆರೆಯ ಮೇಲೆ ಹೆಬ್ಬೆರಳು,
ನೀರಲ್ಲಿ ಕದಡಿ, ಲೋಟದ ತಳ ತೊಳೆದು
ಆ ನೀರನ್ನೂ ಕುಡಿಸಬೇಕು.

"ಹುಷಾರಾದ ಮೇಲೆ ಔಷಧ ಕಮ್ಮಿ ಆಗ್ಬೇಕಲ್ದಾ ತಮಾ?"
ಮೈ ಬೆಳೀತಲ್ಲ ಅಜ್ಜಿ, ಅಂದೆ.
ಅದರ ಜೊತೆ ಇದೂ ಬೆಳೀಬೇಕು.
ಅವಳು ಒಂದು ಗಳಿಗೆ ಸುಮ್ಮನಿದ್ದಳು.
"ಹಂಗಾರೆ ಬಲೆ ಕಣ್ಣಿನ ಲೆಕ್ಕ.
ದೊಡ್ಡದಾದ್ರೆ ತಪ್ಪಿಸ್ಕಂತದೆ."

ಅಷ್ಟರಲ್ಲಿ ಹುಡುಗಿ ಕೆಳಗಿಳಿದಳು.
ಫ್ರಾಕಿನ ಜೇಬು ಕಟಕಟ ಅಂದಿತು.
ಬಳಚಿನ ಚಿಪ್ಪು. ಎರಡೂ ಜೇಬಿನ ತುಂಬ,
ಒದ್ದೆ ಮರಳಿನ ಸಮೇತ.
"ನೀವೇ ಹೇಳಿದ್ರಲ್ಲ ಹೋದ ಸಲ,
ಹದಿನಾಲ್ಕಾದ್ರೆ ಶಾಬಾಸ್ ಅಂತ."

ಹೇಳಿದ್ದೆ. ಹೇಳಿ ಮರೆತಿದ್ದೆ.

ಮತ್ತೆ ನಿಲ್ಲಿಸಿದೆ. ಹದಿಮೂರು ಏಳುನೂರು.
ಅಜ್ಜಿಗೆ ನಗು ತಡೆಯಲಿಲ್ಲ:
"ಐಸು ಸೇರ್ಸಿ ತೂಕ ಏರ್ಸೂರ್ನ ಪ್ಯಾಟ್ಯಾಗೆ ಕಂಡಿದ್ದೆ,
ಮನ್ಯಾಗೂ ಒಬ್ಳು ಹುಟ್ಟಿದ್ಲು ನೋಡು."
ಆಮೇಲೆ, ಸೆರಗಿನಿಂದ ಬಾಯಿ ಒರೆಸಿಕೊಂಡು,
"ಇವಳವ್ವಿ ಇದ್ರ ಮೇಲೆ ನಿಂತಾಗೆಲ್ಲ
ಇಳೀತಾನೇ ಇತ್ತು" ಅಂದಳು.
ತಕ್ಕಡಿಯನ್ನು ನೋಡಲಿಲ್ಲ.

ಎರಡೂವರೆ ಹೊಡೆದುಹಾಕಿ ಎರಡು ಬರೆದೆ.
ಇಲ್ಲಿ ಕೊಸರು ಹಾಕುವಂತಿಲ್ಲ ಅಜ್ಜಿ,
ಕಮ್ಮಿ ತೂಗುವಂತೆಯೂ ಇಲ್ಲ.
ಶಾಬಾಸ್ ಮಾತ್ರ ಕೊಟ್ಟೆ. ಅದಕ್ಕೆ ಕೋಷ್ಟಕವಿಲ್ಲ.

ಹೊರಡುವಾಗ ಚಿಪ್ಪನ್ನೆಲ್ಲ ನನ್ನ ಮೇಜಿಗೆ ಸುರಿದು
"ಇಟ್ಕಳ್ಳಿ, ಮುಂದಿನ ತಿಂಗ್ಳು ಬೇಕಾದ್ರೆ" ಅಂದಳು ಚರಿತಾ.
ಡ್ರಾಯರಿನಲ್ಲಿಟ್ಟಿದ್ದೇನೆ, ಖಾಲಿ ಡಬ್ಬಿಗಳ ಪಕ್ಕ.
ಸಂಜೆಯ ಹೊತ್ತಿಗೆ ಕೋಣೆಯೆಲ್ಲ ನಾರತೊಡಗಿತು.
ತೆಗೆದು ಎಸೆದಿಲ್ಲ.