ಜೋಡಿ ಲೆಕ್ಕ

ಅರಸೀಕೆರೆಯ ಮಂಡಿಯಲ್ಲಿ ಮೂವತ್ತೊಂದು ವರ್ಷ
ಕಾಯಿ ಎಣಿಸಿದ ಕೈ ಮರುಳಪ್ಪನದು.
ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾನೆ.
ಲಾಭ, ಎರಡು, ಮೂರು…
ಎಣಿಕೆಗೊಂದು ಜೋಡಿ ರಾಶಿಗೆ ಹಾರುತ್ತದೆ.
ಲಾರಿ ತುಂಬಿದಾಗ ಒಂದೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಅಂಥವನಿಗೆ ಚೀಟಿಯಲ್ಲಿ
ಹದಿನೆಂಟು ಎಂದು ಬರೆದುಕೊಟ್ಟೆ.
"ಗೊತ್ತಾಯ್ತಾ?"
"ಹೂಂ ಸಿಸ್ಟರ್."
ಹೊರಗೆ ಇನ್ನೂ ನಲವತ್ತು ಜನ;
ನನಗೂ ಆ ಹೂಂ ಸಾಕಿತ್ತು.

ನಾಲ್ಕನೇ ರಾತ್ರಿ ಹೊತ್ತು ತಂದರು.
ಹಿಂಡಿದರೆ ಅಂಗಿಯಿಂದ ನೀರಿಳಿಯುವಷ್ಟು ಬೆವರು.
ಹೆಂಡತಿಯನ್ನೇ, ಯಾರು ನೀನು, ಎನ್ನುತ್ತಿದ್ದ.

ಗ್ಲೂಕೋಸ್ ಇಳಿದು, ಬೆಳಕು ಹರಿದು, ಕೂತಾಗ
ಸಿರಿಂಜ್ ಕೊಟ್ಟು ತುಂಬಿ ತೋರಿಸಿ ಎಂದೆ.
ಉಗುರಿನಿಂದ ಗೆರೆ ಮುಟ್ಟುತ್ತ ಹೋದ,
ಲಾಭ, ಎರಡು, ಮೂರು…
ಹದಿನೆಂಟು ಗೆರೆ. ಒಂದೂ ತಪ್ಪಲಿಲ್ಲ.
ಈ ಸಿರಿಂಜಿನಲ್ಲಿ ಗೆರೆಗೆ ಎರಡು ಯೂನಿಟ್ಟೆಂದು
ಯಾರೂ ಹೇಳಿರಲಿಲ್ಲ.
ಯಾರೂ ಅಂದರೆ, ನಾನು.

"ಇದು ಜೋಡಿ ಲೆಕ್ಕ, ಮರುಳಪ್ಪನೋರೆ.
ಒಂದು ಗೆರೆಗೆ ಎರಡು ಕಾಯಿ."
ಆಗ ನಕ್ಕ.
"ಹಂಗನ್ನಿ ಮತ್ತೆ! ಹದಿನೆಂಟಕ್ಕೆ ಒಂಬತ್ತು ಕೈ."

ಮೂರು ತಿಂಗಳ ಮೇಲೆ ರಿಪೋರ್ಟ್ ಹಿಡಿದು ಬಂದ.
ಅಷ್ಟೊಂದು ಅಂಕಿ ದಾಟಿ ಬೆರಳು ನಿಂತದ್ದು
ಎಂಟು, ನಾಲ್ಕರ ನಡುವಿನ ಚುಕ್ಕಿಯ ಮೇಲೆ.
"ಇದೇನು?"
"ಎಂಟು ತುಂಬಿ, ಮೇಲೊಂದಿಷ್ಟು ಚೂರು."
"ಒಡೆದ ಕಾಯಿ?"
"ಹೂಂ, ಹಂಗೇ."
"ನಾವು ಅದನ್ನ ಎಣಿಸಲ್ಲ" ಎಂದು
ಕಾಗದ ಮಡಚಿ ಜೇಬಿಗಿಟ್ಟು ಎದ್ದ.

ತೋಳು ಹಿಡಿದು ಮತ್ತೆ ಕೂರಿಸಿದೆ.
ಹೊರಗೆ ನಲವತ್ತು ಜನ ಕೆಮ್ಮುತ್ತಿದ್ದರು.